ಮಗನಿಗೊಂದು, ಮಗಳಿಗೊಂದು ಕಾರ್ಡು

ಹಾಸನದಲ್ಲಿ ಕೂತು ನೋಡಿದರೆ ಹೆತ್ತವರು ಮಕ್ಕಳಿಗೆ ವ್ಯಾಲೆಂಟೈನ್ ಕಾರ್ಡು ಕೊಡಬೇಕೇ ಅನ್ನುವ ಪ್ರಶ್ನೆಯೇ ವಿಚಿತ್ರ. ಫೆಬ್ರುವರಿ 14 ಅಂದರೆ ಅಲ್ಲಿ ಪ್ರೇಮಿಗಳ ದಿನ, ಗುಲಾಬಿ ಹೂವಿನ ರೇಟು ಏರುವ ದಿನ. ಅಂಥ ದಿನ ಹೆತ್ತವರು ಮಕ್ಕಳ ಕೈಗೆ ಹೃದಯದ ಚಿತ್ರವಿರುವ ಕಾರ್ಡು ಕೊಡುವುದೆಂದರೆ ಯಾರಿಗಾದರೂ ಮುಜುಗರವಾದೀತು. ನಾನಿರುವ ಶ್ರೂಸ್‌ಬರಿಯಲ್ಲಿ ಹಾಗಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಈ ಊರಿನಲ್ಲಿ ಕ್ರಿಸ್‌ಮಸ್ ಸಾಮಾನು ತೆಗೆದಿಟ್ಟ ಸ್ವಲ್ಪ ದಿನಕ್ಕೇ ಔಷಧಿ ಅಂಗಡಿಯ ಕಾರ್ಡಿನ ಸಾಲು ಕೆಂಪಾಗಿಬಿಡುತ್ತದೆ. ಗಂಡನಿಗೆ, ಹೆಂಡತಿಗೆ ಕೊಡುವ ಕಾರ್ಡುಗಳ ಪಕ್ಕದಲ್ಲೇ ಮಗನಿಗೆ, ಮಗಳಿಗೆ, ಮೊಮ್ಮಕ್ಕಳಿಗೆ ಕೊಡುವವೂ ಇರುತ್ತವೆ. ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸು ಕೂದಲು ನರೆತ ಗಂಡುಮಕ್ಕಳಿಗೆ ಈಗಲೂ ಪ್ರತಿವರ್ಷ ಒಂದೊಂದು ಕಾರ್ಡು ಹಾಕುತ್ತಾರೆ.

ನನ್ನ ಇಬ್ಬರು ಮಕ್ಕಳಿಗೆ ಇದು ಶಾಲೆಯಿಂದ ಬಂದ ಪದ್ಧತಿ. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಫೆಬ್ರುವರಿ ಶುರುವಾಗುತ್ತಿದ್ದಂತೆ ಟೀಚರು ತರಗತಿಯ ಮಕ್ಕಳ ಹೆಸರಿನ ಪಟ್ಟಿ ಮನೆಗೆ ಕಳಿಸುತ್ತಾರೆ. ಕಾರ್ಡು ತರಲೇಬೇಕೆಂದಿಲ್ಲ, ತಂದರೆ ಮಾತ್ರ ಒಬ್ಬರನ್ನೂ ಬಿಡದೆ ಎಲ್ಲರಿಗೂ ತರಬೇಕು. ಅಂಗಡಿಯಲ್ಲಿ ಒಂದು ತರಗತಿಗೆ ಸಾಲುವಷ್ಟು ಪುಟ್ಟ ಕಾರ್ಡುಗಳ ಡಬ್ಬಿ ಸಿಗುತ್ತದೆ. ಡೈನೋಸಾರು, ರಾಕೆಟ್ಟು, ಬೆಕ್ಕಿನ ಮರಿ, ಅವರವರ ಇಷ್ಟ. ಕಡಲೆಕಾಯಿ ಅಲರ್ಜಿಯ ಮಕ್ಕಳಿರುತ್ತಾರೆಂದು ಎಷ್ಟೋ ಶಾಲೆಗಳು ಮಿಠಾಯಿ ಬೇಡ ಅನ್ನುತ್ತವೆ, ಅದರ ಬದಲು ಪೆನ್ಸಿಲ್ಲೋ ರಬ್ಬರೋ ಅಂಟಿಸಿ ಕೊಡುತ್ತಾರೆ. ಹಳೇ ಶೂ ಡಬ್ಬಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮುಚ್ಚಳದಲ್ಲಿ ಸೀಳು ಮಾಡಿದರೆ ಅದೇ ಆ ದಿನದ ಅಂಚೆಪೆಟ್ಟಿಗೆ. ನನ್ನ ಮಗ ಒಂದನೇ ತರಗತಿಯಲ್ಲಿದ್ದಾಗ ಪಟ್ಟಿ ಮುಂದಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಬೋರಲು ಮಲಗಿ, ನಾಲಿಗೆ ಕಚ್ಚಿಕೊಂಡು ಒಂದೊಂದೇ ಹೆಸರು ಬರೆಯುತ್ತಿದ್ದ. ತಾನು ಜಗಳವಾಡಿದ್ದ ಹುಡುಗನ ಹೆಸರು ಬಂದಾಗ ತುಸು ಹೊತ್ತು ಪೆನ್ಸಿಲ್ ತಿರುಗಿಸುತ್ತ ಕೂತು, ಆಮೇಲೆ ಬರೆದ. ಅದನ್ನು ನೋಡಿದ ಮೇಲೆ ಈ ಪದ್ಧತಿಯ ಬಗ್ಗೆ ನನಗೆ ಗೌರವ ಬಂತು.

ಅವನೇ ಆ ವರ್ಷ ಕೇಳಿದ್ದು, “ಅಮ್ಮ, ನೀನೂ ಅಪ್ಪನೂ ನಂಗೆ ಕೊಡಲ್ವಾ?” ಅಂತ. ಅವತ್ತಿನಿಂದ ಕೊಡುತ್ತ ಬಂದಿದ್ದೇವೆ.

ನನ್ನ ಅಮ್ಮನಿಗೆ ಇದು ವಿಡಿಯೋ ಕಾಲಿನಲ್ಲಿ ಗೊತ್ತಾಯಿತು. “ಏನೇ ಇದು, ಅದು ಹುಡುಗ ಹುಡುಗೀರು ಕೊಟ್ಕೊಳ್ಳೋದಲ್ವೇನೇ? ಮಕ್ಕಳಿಗ್ಯಾಕೆ?” ಅಂದರು. ಶಾಲೆಯ ಪಟ್ಟಿ, ಡಬ್ಬಿ ಎಲ್ಲ ವಿವರಿಸಿದೆ, ಒಪ್ಪಲಿಲ್ಲ. ಕೊನೆಗೆ, “ಸಂಕ್ರಾಂತೀಲಿ ಹಣ್ಣೆರೆಯೋ ಹಾಗೆ ಅಂದ್ಕೊಳ್ಳಮ್ಮ” ಅಂದೆ. ಅಮ್ಮ ಸುಮ್ಮನಾದರು. ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ಸೇರಿಸಿ ತಲೆಯ ಮೇಲೆ ಸುರಿದು ಆರತಿ ಎತ್ತುವ ಶಾಸ್ತ್ರ ನಮ್ಮ ಹಳೇ ಮೈಸೂರು ಸೀಮೆಯ ಮನೆಗಳಲ್ಲಿದೆ. ಆ ಹೊತ್ತು ಮಗು ಏನನ್ನೂ ಸಾಧಿಸಿರುವುದಿಲ್ಲ, ಸುಮ್ಮನೆ ಕೂತಿರುತ್ತದೆ. ನಮ್ಮ ಮಗು ಅನ್ನುವ ಕಾರಣಕ್ಕೇ ಅದಕ್ಕೆ ಆ ಮರ್ಯಾದೆ. ಆದರೆ ಐದು ವರ್ಷ ದಾಟುತ್ತಿದ್ದಂತೆ ಆ ಶಾಸ್ತ್ರ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ನಾವು ಮಕ್ಕಳನ್ನು ಹೊಗಳುವುದೆಲ್ಲ ಮಾರ್ಕ್ಸಿಗೆ, ಬಹುಮಾನಕ್ಕೆ, ಸೀಟು ಸಿಕ್ಕಿದ್ದಕ್ಕೆ. ಸಂಕ್ರಾಂತಿಯಾದ ಒಂದು ತಿಂಗಳಿಗೆ ಬರುವ ಈ ದಿನವನ್ನು ನಾನು ಆ ಖಾಲಿ ಬಿದ್ದ ಜಾಗಕ್ಕೆ ತಂದು ಕೂರಿಸಿಕೊಂಡಿದ್ದೇನೆ.

“ನಮ್ಮಲ್ಲಿ ಪ್ರೀತಿನ ಹೇಳ್ಕೊಂಡು ತಿರುಗಲ್ಲ” ಅನ್ನುವ ಮಾತು ಇಲ್ಲಿನ ಕನ್ನಡದ ಗೆಳೆಯರಿಂದ ಪದೇಪದೇ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ನನ್ನ ತಂದೆ ಇನ್‌ಲ್ಯಾಂಡ್ ಲೆಟರಿನಲ್ಲಿ ಕಾಗದ ಬರೆಯುತ್ತಿದ್ದರು. ಶುರುವಿನಲ್ಲಿ ಚಿರಂಜೀವಿ ಎಂದು ನನ್ನ ಹೆಸರು, ಆಶೀರ್ವಾದ, ಉಭಯ ಕುಶಲೋಪರಿ. ಆಮೇಲೆ ಫೀಸಿನ ವಿಚಾರ, ಮನಿಯಾರ್ಡರ್ ತಲುಪಿತೇ ಅನ್ನುವುದು. ಜಾಗ ಮುಗಿದ ಮೇಲೆ, ಅಂಟಿಸುವ ಮಡಿಕೆಯ ಒಳಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು. ಹಿತ್ತಲಿನ ಸೀಬೆ ಮರ ಕಾಯಿ ಬಿಟ್ಟಿದೆ, ನೀನು ಬರುವ ಹೊತ್ತಿಗೆ ಹಣ್ಣಾಗುತ್ತದೆ, ಅಂತ. ಲೆಟರನ್ನು ಹರಿಯದಂತೆ ಬಿಡಿಸಿ ನಾನು ಮೊದಲು ಓದುತ್ತಿದ್ದದ್ದು ಆ ಮಡಿಕೆಯನ್ನು. ನಮ್ಮವರು ಪ್ರೀತಿಯನ್ನು ಬರೆದಿದ್ದಾರೆ, ಅದಕ್ಕೆ ಒಂದು ರೂಪವನ್ನೂ ಕೊಟ್ಟಿದ್ದರು. ಫೋನು ಬಂದ ಮೇಲೆ ಕಾಗದ ಹೋಯಿತು, ಕಾಗದದ ಜೊತೆ ಆ ಮಡಿಕೆಯೂ ಹೋಯಿತು.

ಅಂಗಡಿಯ ಕಾರ್ಡಿನ ಚರಿತ್ರೆಯಲ್ಲೂ ಇಂಥದ್ದೇ ಒಂದು ಜಾಗವಿದೆ. ಅಮೆರಿಕದಲ್ಲಿ ಆ ಕಾರ್ಡು ದೊಡ್ಡ ಉದ್ಯಮವಾಗಿ ಬೆಳೆದದ್ದು ನಮ್ಮ ಊರಿಗೆ ಅಂಟಿಕೊಂಡೇ ಇರುವ ವುಸ್ಟರ್ ನಗರದಲ್ಲಿ. ಎಸ್ತರ್ ಹೌಲ್ಯಾಂಡ್ ಎಂಬಾಕೆ 1847ರಲ್ಲಿ ಮೌಂಟ್ ಹೋಲ್ಯೋಕ್‌ನಲ್ಲಿ ಓದು ಮುಗಿಸಿ ಬಂದವಳು, ತಂದೆಯದು ಪುಸ್ತಕ, ಕಾಗದದ ಅಂಗಡಿ. ಇಂಗ್ಲೆಂಡಿನಿಂದ ಬಂದ ಒಂದು ಅಲಂಕಾರದ ವ್ಯಾಲೆಂಟೈನ್ ಕಾರ್ಡು ನೋಡಿ, ತಾನೂ ಮಾಡಬಲ್ಲೆ ಅನ್ನಿಸಿ ಕೆಲವು ಮಾದರಿ ಮಾಡಿದಳು. ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದ ಸಹೋದರ ಅವನ್ನು ಒಯ್ದು ತೋರಿಸಿದ. ಇನ್ನೂರು ಡಾಲರಿನಷ್ಟು ಆರ್ಡರ್ ಬಂದರೆ ಹೆಚ್ಚು ಅಂದುಕೊಂಡಿದ್ದವಳಿಗೆ ಐದು ಸಾವಿರ ಡಾಲರಿನದು ಬಂತು ಎಂದು ಹೇಳುತ್ತಾರೆ. ಮನೆಯ ಮೇಲಿನ ಮಹಡಿಯಲ್ಲಿ ಗೆಳತಿಯರನ್ನು ಸಾಲಾಗಿ ಕೂರಿಸಿ, ಒಬ್ಬರು ಕತ್ತರಿಸಲು, ಒಬ್ಬರು ಅಂಟಿಸಲು, ಹೀಗೆ ಕೆಲಸ ಹಂಚಿ ದೊಡ್ಡ ಉದ್ಯಮವನ್ನೇ ಕಟ್ಟಿದಳು. 1879ರಲ್ಲಿ ಅವಳು ಪದ್ಯಗಳ ಒಂದು ಪುಸ್ತಕವನ್ನೂ ಹೊರತಂದಳು. ಕಾರ್ಡಿನೊಳಗಿನ ಪದ್ಯ ಹಿಡಿಸದಿದ್ದರೆ ಗಿರಾಕಿ ಬೇರೊಂದನ್ನು ಆರಿಸಿ, ಅದರ ಚೀಟಿ ಪಡೆದು ಮೇಲೆ ಅಂಟಿಸಿಕೊಳ್ಳಬಹುದಿತ್ತು. ಕಾಯಿಲೆಬಿದ್ದ ತಂದೆಯನ್ನು ನೋಡಿಕೊಳ್ಳಲು 1881ರಲ್ಲಿ ಉದ್ಯಮವನ್ನು ಜಾರ್ಜ್ ವಿಟ್ನಿ ಎಂಬಾತನಿಗೆ ಮಾರಿಬಿಟ್ಟಳು. ಅವಳ ಕಾಲದ ಕಾರ್ಡುಗಳು ವುಸ್ಟರಿನ ಚರಿತ್ರೆಯ ಮ್ಯೂಸಿಯಂನಲ್ಲಿವೆ. ಕಸೂತಿಯಂತೆ ಕೊರೆದ ಕಾಗದ, ಅದರ ಅಡಿಯಲ್ಲಿ ಹೊಳೆಯುವ ಬಣ್ಣದ ಚೂರು. ಮಗಳನ್ನು ಕರೆದುಕೊಂಡು ಹೋಗಿದ್ದಾಗ ಅವಳು ಗಾಜಿಗೆ ಮೂಗು ಒತ್ತಿಕೊಂಡು, “ಒಳಗಡೆ ಏನು ಬರ್ದಿದೆ, ಅದನ್ನ ಯಾಕೆ ತೋರ್ಸಿಲ್ಲ?” ಅಂತ ಕೇಳಿದಳು.

ನಾನು ಕಲಿತ ಮುಖ್ಯ ಪಾಠವೂ ಅವಳ ಆ ಪ್ರಶ್ನೆಯಲ್ಲೇ ಇದೆ. ಅಚ್ಚಾದ ಸಾಲನ್ನು ಮಕ್ಕಳು ಓದುವುದಿಲ್ಲ. ನೀನು ಜಗತ್ತಿನಲ್ಲೇ ಒಳ್ಳೆಯ ಮಗಳು ಅಂತ ಬಂಗಾರದ ಅಕ್ಷರದಲ್ಲಿದ್ದರೂ ಕಣ್ಣು ಅದನ್ನು ಹಾರಿಕೊಂಡು ಕೈಬರಹಕ್ಕೆ ಹೋಗುತ್ತದೆ. ಕೈಬರಹದಲ್ಲೂ ಜಾಣೆ, ಮುದ್ದು, ಬಂಗಾರ ಅನ್ನುವವು ನಿಲ್ಲುವುದಿಲ್ಲ. ನಿಲ್ಲುವುದು, ಯಾರೂ ನೋಡಲಿಲ್ಲ ಅಂತ ಮಗು ಅಂದುಕೊಂಡಿದ್ದನ್ನು ನೀವು ನೋಡಿದ್ದೀರಿ ಅನ್ನುವ ಸಾಲು.

ಇದನ್ನು ತೋರಿಸಿಕೊಟ್ಟದ್ದು ನನ್ನ ಯಜಮಾನರು. ಹೆಚ್ಚಿನ ಮನೆಗಳಲ್ಲಿ ಕಾರ್ಡು ಬರೆಯುವವಳು ತಾಯಿ, ತಂದೆ ಕೆಳಗೆ ಸಹಿ ಹಾಕುತ್ತಾನೆ. ನಮ್ಮಲ್ಲಿ ಇಬ್ಬರೂ ಬೇರೆಬೇರೆಯಾಗಿ ಬರೆಯಬೇಕೆಂದು ನಾನು ಹಟ ಹಿಡಿದೆ. “ಏನ್ ಬರೀಲಿ ನಾನು?” ಅಂತ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಬರೆದದ್ದು ಇಷ್ಟು: “ನೀನು ಸೈಕಲ್ ಚೈನ್ ಹಾಕೋದನ್ನ ಕಿಟಕಿಯಿಂದ ನೋಡಿದೆ. ಕೈಯೆಲ್ಲ ಮಸಿ ಆದ್ರೂ ನೀನು ಬಿಡಲಿಲ್ಲ. ನಂಗೆ ಖುಷಿ ಆಯ್ತು. ಅಪ್ಪ.” ಮಗಳು ಅದನ್ನು ಓದಿ, ಅಪ್ಪನ ಹತ್ತಿರ ಹೋಗಿ, “ನನ್ನ ಕರೀಲೇ ಇಲ್ವಲ್ಲ ನೀನು, ಸಹಾಯ ಮಾಡ್ತೀನಿ ಅಂತ” ಅಂದಳು. “ನೀನೇ ಹಾಕ್ತೀಯ ಅಂತ ಗೊತ್ತಿತ್ತು” ಅಂದರು ಅವರು. ಆ ಸಂಭಾಷಣೆ ನಮ್ಮ ಮನೆಯಲ್ಲಿ ಬೇರೆ ಯಾವ ದಾರಿಯಿಂದಲೂ ಬರುತ್ತಿರಲಿಲ್ಲ. ತಂದೆಯಂದಿರು ಬರೆಯಬೇಕು, ತಮ್ಮ ಕೈಯಿಂದಲೇ ಬರೆಯಬೇಕು.

ನಾವು ಕನ್ನಡದಲ್ಲಿ ಬರೆಯುತ್ತೇವೆ. ಮಕ್ಕಳು ವಾರಾಂತ್ಯದ ಕನ್ನಡ ಶಾಲೆಯಲ್ಲಿ ಕಲಿತವರು, ಒತ್ತಕ್ಷರ ಬಂದಾಗ ತಡವರಿಸುತ್ತಾರೆ, ಬೆರಳಿಟ್ಟು ಓದುತ್ತಾರೆ. ಹಾಗಾಗಿ ನಾಲ್ಕು ಸಾಲು ಓದಲೂ ಸಮಯ ಹಿಡಿಯುತ್ತದೆ, ಆ ಸಮಯವೆಲ್ಲ ಅವರ ಗಮನ ಆ ನಾಲ್ಕು ಸಾಲಿನ ಮೇಲೇ ಇರುತ್ತದೆ. ಬರೆಯುವ ನಮಗೂ ಚಿಕ್ಕ, ನೇರ ವಾಕ್ಯ ಹುಡುಕಬೇಕಾಗುತ್ತದೆ.

ಮಕ್ಕಳು ಬೆಳೆದಂತೆ ವಿಚಾರ ಕಷ್ಟವಾಗುತ್ತದೆ. ಎಲ್ಲರಿಗೂ ಕೊಡಬೇಕು ಅನ್ನುವ ನಿಯಮ ಪ್ರಾಥಮಿಕ ಶಾಲೆಯ ಜೊತೆ ಮುಗಿಯುತ್ತದೆ. ಮಿಡಲ್ ಸ್ಕೂಲಿನಲ್ಲಿ ವಿದ್ಯಾರ್ಥಿ ಸಂಘದವರು ಹಣ ಕೂಡಿಸಲು ಕಾರ್ನೇಷನ್ ಹೂ ಮಾರುತ್ತಾರೆ. ಯಾರಿಗೆ ಬೇಕೋ ಅವರ ಹೆಸರು ಬರೆದುಕೊಟ್ಟರೆ ಆ ದಿನ ತರಗತಿಗೇ ತಂದು ಡೆಸ್ಕಿನ ಮೇಲಿಡುತ್ತಾರೆ. ಕೆಲವರ ಡೆಸ್ಕಿನ ಮೇಲೆ ಹೂವಿನ ಕಟ್ಟೇ ಇರುತ್ತದೆ, ಕೆಲವರದು ಸಂಜೆಯವರೆಗೂ ಹಾಗೇ ಖಾಲಿ. ಅಮೆರಿಕದ ಮಕ್ಕಳಿಗೆ ಈ ನೋವು ಹೊಸದಲ್ಲ. 1975ರಲ್ಲಿ ಟೀವಿಯಲ್ಲಿ ಬಂದ ಒಂದು ಕಾರ್ಟೂನಿನಲ್ಲಿ ಚಾರ್ಲಿ ಬ್ರೌನ್ ಎಂಬ ಹುಡುಗ ತನಗೆ ಬರುವ ಕಾರ್ಡುಗಳನ್ನು ತುಂಬಿಕೊಳ್ಳಲು ಬ್ರೀಫ್‌ಕೇಸ್ ತಗೊಂಡು ಶಾಲೆಗೆ ಹೋಗುತ್ತಾನೆ, ಒಂದೂ ಬರುವುದಿಲ್ಲ. ಅದನ್ನು ನೋಡಿದ ಮಕ್ಕಳು ಮನಸ್ಸು ತಡೆಯದೆ ಚಾರ್ಲಿ ಬ್ರೌನನಿಗೆ ನಿಜವಾಗಿಯೂ ಕಾರ್ಡು ಅಂಚೆಗೆ ಹಾಕಿದರು.

ತಾಯಿಯಾದವಳಿಗೆ ಮೊದಲು ತೋಚುವುದು, ನಾನೇ ಒಂದು ಹೂ ಕಳಿಸಿಬಿಡಲೇ ಅಂತ. ಮಗ ಏಳನೇ ತರಗತಿಯಲ್ಲಿದ್ದಾಗ ಹಿಂದಿನ ರಾತ್ರಿಯೇ ಬಂದು, “ಅಮ್ಮ, ಸ್ಕೂಲಿಗೆ ಮಾತ್ರ ಏನೂ ಕಳಿಸ್ಬೇಡ, ಪ್ಲೀಸ್” ಅಂದ. “ಇಲ್ಲ ಕಣೋ” ಅಂದೆ. “ಮನೇಲಿ ಕೊಡ್ತೀಯಲ್ಲ?” ಅಂತ ಅವನೇ ಕೇಳಿದ. ಅವನಿಗೆ ನಮ್ಮ ಕಾರ್ಡು ಬೇಕಿತ್ತು, ಅದು ಗೆಳೆಯರ ಜಾಗದಲ್ಲಿ ಬಂದು ಕೂರುವುದು ಬೇಡವಾಗಿತ್ತು. ಹದಿಮೂರರ ಹುಡುಗ ಎಷ್ಟು ಸ್ಪಷ್ಟವಾಗಿ ಗೆರೆ ಎಳೆದ! ಶಾಲೆಯ ಖಾಲಿ ಡೆಸ್ಕನ್ನು ಹೆತ್ತವರು ತುಂಬಲು ಹೋದರೆ, ಈ ಮಗುವಿಗೆ ಯಾರೂ ಕೊಡಲಿಲ್ಲ ಅಂತ ಊರಿಗೆಲ್ಲ ಸಾರಿದಂತೆ. ಆ ದಿನ ಅವನಿಗೆ ಹೂ ಬರಲಿಲ್ಲ, ಬೇಜಾರೂ ಆಗಿತ್ತು. ಆ ಬೇಜಾರು ಹೋಗಲೆಂದು ನಾವು ಕಾರ್ಡು ಕೊಟ್ಟದ್ದಲ್ಲ. ಬೆಳಿಗ್ಗೆ ತಿಂಡಿಯ ತಟ್ಟೆ ಪಕ್ಕದಲ್ಲಿ ಇಡುವುದು ನಮ್ಮ ರೂಢಿ, ಆ ದಿನವೂ ಇಟ್ಟಿದ್ದೆವು. ಹೂ ಬಂದಿದ್ದರೂ ಇಡುತ್ತಿದ್ದೆವು. ಬೆಳಿಗ್ಗೆಯೇ, ದಿನ ಹೇಗೆ ಹೋಗುತ್ತದೋ ಗೊತ್ತಾಗುವ ಮುಂಚೆಯೇ ಕೊಡಬೇಕು ಅನ್ನುವುದನ್ನು ನಾನು ಈಗ ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ.

ಇನ್ನು ವ್ಯಾಪಾರದ ಆಕ್ಷೇಪ. ಕಾರ್ಡಿನ ಕಂಪನಿಗಳು ಹಣ ಮಾಡಿಕೊಳ್ಳುತ್ತವೆ, ನಿಜ. ಒಂದು ಕಾರ್ಡಿಗೆ ಐದಾರು ಡಾಲರು ಕೊಡಬೇಕಿಲ್ಲ, ಬಿಳಿ ಹಾಳೆಯೊಂದು ಮಡಿಚಿದರೆ ಸಾಕು. ನಮ್ಮ ಮನೆಯ ಕಾರ್ಡುಗಳಲ್ಲಿ ಅರ್ಧದಷ್ಟು ಅಂಥವೇ.

ಪ್ರೇಮಿಗಳ ದಿನಕ್ಕೂ ಮಕ್ಕಳಿಗೂ ಸಂಬಂಧವಿಲ್ಲ ಅನ್ನುವವರಿಗೆ ಇಂಗ್ಲೆಂಡಿನ ನಾರ್ಫಕ್ ಸೀಮೆಯ ಕಥೆ ಹೇಳುತ್ತೇನೆ. ಅಲ್ಲಿ ವ್ಯಾಲೆಂಟೈನ್ ದಿನದ ಹಿಂದಿನ ಸಂಜೆ ಬಾಗಿಲು ಬಡಿದ ಸದ್ದಾಗುತ್ತದೆ. ಮಕ್ಕಳು ಓಡಿ ತೆಗೆದರೆ ಹೊಸ್ತಿಲ ಮೇಲೆ ಉಡುಗೊರೆ ಇರುತ್ತದೆ, ಇಟ್ಟವನು ಇರುವುದಿಲ್ಲ. ಅವನನ್ನು ಜ್ಯಾಕ್ ವ್ಯಾಲೆಂಟೈನ್ ಅನ್ನುತ್ತಾರೆ. ಇದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ, ಬಡಿಯುವವರು ಮನೆಯ ದೊಡ್ಡವರೇ. ಈಚೆಗೆ ನಮ್ಮ ದೇಶದಲ್ಲಿ ಕೆಲವು ಕಡೆ ಅದೇ ದಿನ ಶಾಲೆಗಳಲ್ಲಿ ಮಾತಾಪಿತೃ ಪೂಜೆ ಮಾಡಿಸುತ್ತಿದ್ದಾರೆ, ಮಕ್ಕಳು ಹೆತ್ತವರಿಗೆ ಆರತಿ ಎತ್ತುತ್ತಾರೆ. ಆ ಫೋಟೋಗಳು ನನ್ನ ಫೋನಿಗೂ ಬರುತ್ತವೆ. ಕಾಲಿಗೆ ಬೀಳುವುದಕ್ಕೆ ನಮಗೆ ಹಬ್ಬ, ಮದುವೆ, ಪರೀಕ್ಷೆ ಎಂದು ಬೇಕಾದಷ್ಟು ದಿನಗಳಿವೆ. ದೊಡ್ಡವರು ಚಿಕ್ಕವರ ಕಡೆ ಬಾಗುವುದಕ್ಕೆ ಒಂದು ದಿನ ಇರಲಿ ಅನ್ನುವುದು ನನ್ನ ಆಸೆ.

ಮಗ ಈಗ ಕಾಲೇಜಿನ ಹಾಸ್ಟೆಲಿನಲ್ಲಿದ್ದಾನೆ. ಅವನ ಕಾರ್ಡು ಕೊಲರಾಡೋ ರಾಜ್ಯದ ಲವ್‌ಲ್ಯಾಂಡ್ ಊರನ್ನು ಸುತ್ತಿಕೊಂಡು ಹೋಗುತ್ತದೆ. 1947ರಿಂದ ಆ ಊರಿನ ಅಂಚೆ ಕಚೇರಿಗೆ ದೇಶದ ಮೂಲೆಮೂಲೆಯಿಂದ ವ್ಯಾಲೆಂಟೈನ್ ಕಾರ್ಡುಗಳು ಬರುತ್ತವೆ. ಸ್ವಯಂಸೇವಕರು, ಅದರಲ್ಲೂ ಹೆಚ್ಚಾಗಿ ವಯಸ್ಸಾದವರು, ಪ್ರತಿಯೊಂದಕ್ಕೂ ಕೈಯಿಂದ ಊರಿನ ಮುದ್ರೆಯನ್ನೂ ಒಂದು ಪುಟ್ಟ ಪದ್ಯವನ್ನೂ ಒತ್ತಿ ಮುಂದಕ್ಕೆ ಕಳಿಸುತ್ತಾರೆ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕಾರ್ಡು ಅವರ ಕೈ ದಾಟುತ್ತವೆ. ಕಳಿಸಬೇಕೆಂದಿರುವವರು ಮಗನ ಅಥವಾ ಮಗಳ ವಿಳಾಸ ಬರೆದು, ಸ್ಟ್ಯಾಂಪು ಹಚ್ಚಿದ ಕಾರ್ಡನ್ನು ಇನ್ನೊಂದು ದೊಡ್ಡ ಲಕೋಟೆಯೊಳಗಿಟ್ಟು ಲವ್‌ಲ್ಯಾಂಡಿನ ಪೋಸ್ಟ್‌ಮಾಸ್ಟರರಿಗೆ ಹಾಕಬೇಕು. ಫೆಬ್ರುವರಿ ಶುರುವಾದ ಮೇಲೆ ಹೊರಟರೆ ತಡವಾಗುತ್ತದೆ, ಜನವರಿಯಲ್ಲೇ ಬರೆದು ಮುಗಿಸಿ. ಮುದ್ರೆ ಒತ್ತುವುದು ಕಾರ್ಡಿನದೇ ಲಕೋಟೆಯ ಮೇಲೆ, ವಿಳಾಸ ಬಿಟ್ಟು ಅಲ್ಲಿ ಬೇರೇನೂ ಬರೆಯಬೇಡಿ. ನಿಮ್ಮ ಸಾಲುಗಳಿಗೆ ಒಳಗಡೆ ಬೇಕಾದಷ್ಟು ಜಾಗ ಇದೆ.