ಮೂರಡಿ ಮೆಟ್ಟಿಲು, ಆರೂಕಾಲಡಿ ಮಂಚ

ಹಳೇ ಫರ್ನಿಚರ್ ನೋಡೋಕೆ ಹೋಗೋ ಮುಂಚೆ ನಿಮ್ಮ ಮನೆ ಅಳೆದುಕೊಳ್ಳಿ. ಹೊಸ ಅಂಗಡಿಯಲ್ಲಿ ಕೊಂಡ ಮಂಚ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರೆ ವಾಪಸ್ ತಗೋಬಹುದು, ಬದಲಾಯಿಸಿ ಕೊಡಬಹುದು. ಸೆಕೆಂಡ್ ಹ್ಯಾಂಡ್‌ನಲ್ಲಿ ಅದಿಲ್ಲ. ಕೊಟ್ಟವರು ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗಿರ್ತಾರೆ. ಮಂಚ ಬೀದಿಯಲ್ಲಿ, ದುಡ್ಡು ಅವರ ಅಕೌಂಟಲ್ಲಿ.

ಉದಾಹರಣೆಗೆ ನಮ್ಮ ಮನೆ ಲೆಕ್ಕವನ್ನೇ ತಗೊಳ್ತೀನಿ. ಕಳೆದ ಬೇಸಿಗೆಯಲ್ಲಿ ಗುಂಡ್ಲುಪೇಟೆಯಲ್ಲಿ ಮೊದಲನೇ ಮಹಡಿಯ ಒಂದು ಚಿಕ್ಕ ಬಾಡಿಗೆ ಮನೆಗೆ ಬಂದ್ವಿ. ಒಂದು ಹಾಲು, ಒಂದು ರೂಮು, ಅಡುಗೆಮನೆ. ಊರಿಂದ ಅಜ್ಜಿ ಬಂದು ನಮ್ಮ ಜೊತೆ ಇರಬೇಕಿತ್ತು. ಅಜ್ಜಿಗೆ ಮಂಡಿ ನೋವು, ಚಾಪೆ ಮೇಲೆ ಮಲಗಿದರೆ ಬೆಳಿಗ್ಗೆ ಎಬ್ಬಿಸೋಕೆ ಇಬ್ಬರು ಬೇಕು. ಅಜ್ಜಿಗೊಂದು ಮಂಚ, ಮನೆಗೊಂದು ಬೀರು, ನನಗೊಂದು ಟೇಬಲ್. ಅಮ್ಮ ಕೊಟ್ಟ ಬಜೆಟ್ ಗಾಡಿ ಬಾಡಿಗೆ ಸೇರಿ 7,000 ರೂಪಾಯಿ. ಮಂಚ ಮೇಲೆ ಹತ್ತದೇ ಇದ್ದರೆ ಇನ್ನೊಂದು ಕೊಳ್ಳೋಕೆ ದುಡ್ಡು ಇರಲಿಲ್ಲ.

ಎಲ್ಲಿ ಸಿಗತ್ತೆ ಅನ್ನೋದು ಮೊದಲ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದು ಸೀಸನ್ ಇದೆ. ಚಾಮರಾಜನಗರ ಜಿಲ್ಲಾ ಕೇಂದ್ರ ಆದ್ದರಿಂದ ಸರ್ಕಾರಿ ನೌಕರರು ವರ್ಗ ಆಗಿ ಬರ್ತಾರೆ, ಹೋಗ್ತಾರೆ. ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜುಗಳ ಫೈನಲ್ ಇಯರ್‌ನವರು ರೂಮ್ ಖಾಲಿ ಮಾಡ್ತಾರೆ. ಆಗ ಟೇಬಲ್ಲು, ಕುರ್ಚಿ, ಕಬ್ಬಿಣದ ಮಂಚ ಕೇಳಿದ ರೇಟಿಗೆ ಸಿಗತ್ತೆ, ಯಾಕಂದ್ರೆ ಮಾರುವವರಿಗೆ ತಿಂಗಳ ಕೊನೆಯೊಳಗೆ ಬೀಗದ ಕೈ ಓನರ್‌ಗೆ ಕೊಡಬೇಕು. ಮೈಸೂರಲ್ಲಿ ಆಯ್ಕೆ ಜಾಸ್ತಿ, ಆದರೆ ಗುಂಡ್ಲುಪೇಟೆವರೆಗೆ ಸುಮಾರು 60 ಕಿಲೋಮೀಟರ್ ಗಾಡಿ ಬಾಡಿಗೆ ಸೇರಿಸಿ ನೋಡಿ. 900 ರೂಪಾಯಿ ಟೇಬಲ್‌ಗೆ 2,000 ರೂಪಾಯಿ ಬಾಡಿಗೆ ಕೊಡೋದು ಯಾವ ಲೆಕ್ಕ?

ಕೆಲವರು ಕಾಡು ದಾಟಿ ಸುಲ್ತಾನ್ ಬತ್ತೇರಿ ಕಡೆಯಿಂದಲೂ ತರ್ತಾರೆ. ಹಾಗೆ ತರೋದಾದರೆ ಗಡಿಯಾರ ನೋಡ್ಕೊಳ್ಳಿ. ಬಂಡೀಪುರದೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ. ಬಿಚ್ಚೋದು, ಕಟ್ಟೋದು, ಲೋಡ್ ಮಾಡೋದು ಅಂದ್ಕೊಂಡಿದ್ದಕ್ಕಿಂತ ಎರಡು ಪಟ್ಟು ಟೈಮ್ ತಿನ್ನತ್ತೆ. ಬೀರು ಸಮೇತ ಚೆಕ್‌ಪೋಸ್ಟ್ ಹತ್ರ ರಾತ್ರಿ ಕಳೆಯೋ ಆಸೆ ಯಾರಿಗೂ ಇರಲ್ಲ ಅನ್ಕೊಳ್ತೀನಿ. ಇನ್ನೊಂದು ಉಪಾಯ: ತೆರಕಣಾಂಬಿ ಮಾರ್ಕೆಟ್‌ನಿಂದ ಕೇರಳಕ್ಕೆ ತರಕಾರಿ ಹೊತ್ತು ಹೋಗೋ ಗಾಡಿಗಳಿಗೆ ವಾಪಸ್ ಬರುವಾಗ ಲೋಡ್ ಸಿಕ್ಕರೆ ಅದು ಲಾಭ. ಪರಿಚಯದ ಡ್ರೈವರ್ ಇದ್ದರೆ ಕೇಳಿ ನೋಡಿ. ಬರೀ ಟೊಮೇಟೊ ರಸ ಒರೆಸಿಕೊಳ್ಳೋಕೆ ಒಂದು ಬಟ್ಟೆ ಇಟ್ಕೊಳ್ಳಿ.

ಆನ್‌ಲೈನ್‌ನಲ್ಲಿ ನೋಡಿ ಕೊಳ್ಳೋರಿಗೆ ಒಂದೇ ಮಾತು. ವಸ್ತು ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬೇಡಿ. ನಾವೇ ಮಾರುವಾಗ ಯಾರಾದರೂ "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮಗೆ ದುಡ್ಡು ಬರತ್ತೆ" ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯೋಕೆ ಪಿನ್ ಹಾಕೋ ಅಗತ್ಯವೇ ಇಲ್ಲ.

ಇನ್ನು ವಸ್ತು ನೋಡೋದು. ತೇಗ ಆದರೆ ಹಳೇದಾದಷ್ಟೂ ಭಯ ಕಡಿಮೆ, ಅದರ ತಿರುಳಿನಲ್ಲಿರೋ ಎಣ್ಣೆ, ರಾಸಾಯನಿಕಗಳು ಗೆದ್ದಲನ್ನು ದೂರ ಇಡ್ತವೆ. ಆದರೆ ತೇಗದ ಅಂಚಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಆದ್ದರಿಂದ ಮಂಚವನ್ನು ಮಗುಚಿ, ಪಾಲಿಶ್ ಇಲ್ಲದ ತಳಭಾಗ ನೋಡಿ. ಒಂದೆರಡು ಮಿಲಿಮೀಟರ್‌ನ ದುಂಡು ತೂತು, ಕೈಯಲ್ಲಿ ತಟ್ಟಿದರೆ ಮೈದಾ ಹಿಟ್ಟಿನಂಥ ಪುಡಿ ಉದುರಿದರೆ ಕೊರೆಹುಳ ಇನ್ನೂ ಒಳಗೇ ಸಂಸಾರ ಮಾಡ್ತಾ ಇದೆ ಅಂತ ಅರ್ಥ. ತೂತು ಇದ್ದು ಪುಡಿ ಇಲ್ಲ, ತೂತಿನ ಒಳಗೆ ಕಪ್ಪಾಗಿದೆ ಅಂದರೆ ಹಳೇ ಕಥೆ ಇರಬಹುದು, ಆದರೂ ಬೆಲೆ ಇಳಿಸೋಕೆ ಒಳ್ಳೇ ಕಾರಣ.

ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್‌ಗಳನ್ನು ನಾನಂತೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲ್ಲ. ಮರದ ಹೊಟ್ಟು, ಅಂಟು ಸೇರಿಸಿ ಒತ್ತಿದ ಹಲಗೆ ಅದು. ಒಂದು ಸಲ ಸ್ಕ್ರೂ ಬಿಚ್ಚಿದರೆ ಮತ್ತೆ ಅದೇ ತೂತಿನಲ್ಲಿ ಹಿಡಿತ ಸಿಗಲ್ಲ. ನೀರು ಕುಡಿದರೆ ಉಬ್ಬತ್ತೆ, ಒಣಗಿದರೂ ಮೊದಲಿನ ಹಾಗೆ ಆಗಲ್ಲ. ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿ, ಉಬ್ಬು ಸಿಕ್ಕರೆ ಆ ಮನೆಯಲ್ಲಿ ನೆಲ ಒರೆಸಿದ ಇತಿಹಾಸ ಪೂರ್ತಿ ಗೊತ್ತಾಗತ್ತೆ.

ಕಬ್ಬಿಣದ ಬೀರುವಿಗೆ ಒಂದು ಮ್ಯಾಗ್ನೆಟ್ ಸಾಕು. ಹಳೇ ಸ್ಪೀಕರ್‌ನಿಂದ ತೆಗೆದಿದ್ದಾದರೂ ಪರವಾಗಿಲ್ಲ. 22 ಗೇಜ್ ಶೀಟ್ ಅಂದರೆ ಸುಮಾರು 0.7 ಮಿಲಿಮೀಟರ್ ದಪ್ಪ, ಅದರ ಮೇಲೆ ಬಣ್ಣ ಇದ್ದರೂ ಮ್ಯಾಗ್ನೆಟ್ ಚೆನ್ನಾಗಿ ಕಚ್ಚತ್ತೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಮಾತ್ರ ಜಾರತ್ತೆ. ತಳದ ನಾಲ್ಕು ಇಂಚು, ಹಿಂಭಾಗ, ಬಾಗಿಲ ಕೀಲು, ಈ ಮೂರು ಕಡೆ ಓಡಿಸಿ ನೋಡಿ.

ತಿಗಣೆ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಬಟ್ಟೆ ಹೊದಿಸಿದ ಸೋಫಾ, ಹಾಸಿಗೆ ಎಷ್ಟೇ ಚೀಪಾಗಿ ಸಿಕ್ಕಿದರೂ ಬಿಟ್ಟುಬಿಡಿ. ತಿಗಣೆ ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕತ್ತೆ, ಹಾಗಾಗಿ "ಆರು ತಿಂಗಳಿಂದ ಯಾರೂ ಮಲಗಿಲ್ಲ" ಅನ್ನೋದು ಗ್ಯಾರಂಟಿ ಅಲ್ಲ. ಮಂಚದ ಜಾಯಿಂಟ್‌ಗಳ ಸಂದಿಗೆ ಮೊಬೈಲ್ ಟಾರ್ಚ್ ಬಿಡಿ, ಕಪ್ಪು ಚುಕ್ಕೆಗಳ ಸಾಲು ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ನಮಗೆ ಸಿಕ್ಕಿದ್ದು ಚಾಮರಾಜನಗರದಲ್ಲಿ ವರ್ಗ ಆಗಿ ಹೊರಟಿದ್ದ ಒಂದು ಕುಟುಂಬದ ಮರದ ಮಂಚ. 75 ಇಂಚು ಉದ್ದ, 36 ಇಂಚು ಅಗಲ, ನೆಲದಿಂದ 15 ಇಂಚು ಎತ್ತರ. ತಲೆದಿಂಬಿನ ಹಲಗೆ ಇಲ್ಲ. ಒಂದೇ ತೊಂದರೆ, ಕಾಲುಗಳನ್ನು ಕಚ್ಚು ಹಾಕಿ ಗೂಟ ಬಡಿದಿದ್ರು, ಬೋಲ್ಟ್ ಇಲ್ಲ. ಬಿಚ್ಚೋ ಹಾಗಿಲ್ಲ, ಇಡೀ ಮಂಚ ಹಾಗೇ ಮೇಲೆ ಹೋಗಬೇಕು. 2,800 ರೂಪಾಯಿ ಅಂದ್ರು. ದುಡ್ಡು ಕೊಡೋ ಮುಂಚೆ ಅವರ ಜಗಲಿ ಮೇಲೇ ಕೂತು ಲೆಕ್ಕ ಮಾಡಿದೆ.

ನಮ್ಮ ಮೆಟ್ಟಿಲು ಮನೆಯ ಹೊರಗೋಡೆ ಪಕ್ಕದಲ್ಲಿ ಹತ್ತಿ, ಮೇಲೆ ಲ್ಯಾಂಡಿಂಗ್‌ನಲ್ಲಿ ಎಡಕ್ಕೆ ತಿರುಗಿ ಪ್ಯಾಸೇಜಿಗೆ ಸೇರತ್ತೆ. ಗೋಡೆಯಿಂದ ಗೋಡೆಗೆ 38 ಇಂಚು, ಆದರೆ ಕಂಬಿ ಒಳಗೆ ಚಾಚಿರೋದ್ರಿಂದ ನಿಜವಾಗಿ ಸಿಗೋದು 36. ಇದನ್ನು ಯಾವಾಗಲೂ ಹೀಗೇ ಅಳೀಬೇಕು: ಕಂಬಿ, ಮೀಟರ್ ಬಾಕ್ಸ್, ಪೈಪು, ಬಾಗಿಲ ಚೌಕಟ್ಟು ಕಳೆದು ಉಳಿಯೋ ಅತಿ ಕಿರಿದಾದ ಅಳತೆ.

ಇಲ್ಲಿ ಫಸ್ಟ್ ಇಯರ್ ಗಣಿತ ಕೆಲಸಕ್ಕೆ ಬರತ್ತೆ. ಒಂದೇ ಅಗಲದ ಎರಡು ಓಣಿಗಳು ನೇರ ಮೂಲೆಯಲ್ಲಿ ಸೇರಿದಾಗ ಆಯತಾಕಾರದ ವಸ್ತು ತಿರುಗಬೇಕಾದರೆ ಅತಿ ಕಷ್ಟದ ಸ್ಥಿತಿ 45 ಡಿಗ್ರಿಯಲ್ಲಿ ಬರತ್ತೆ. ಆಗ ವಸ್ತುವಿನ ಹೊರಬದಿಯ ಎರಡು ತುದಿ ಹೊರಗೋಡೆಗಳಿಗೆ ತಾಗಿರತ್ತೆ, ಒಳಬದಿ ಒಳಮೂಲೆಗೆ ತಾಗತ್ತೆ. ಹೊರಮೂಲೆಯಿಂದ ಒಳಮೂಲೆಗೆ ದೂರ ಓಣಿಯ ಅಗಲದ 1.414 ಪಟ್ಟು. ಹೊರಮೂಲೆಯಿಂದ ವಸ್ತುವಿನ ಹೊರಬದಿಗೆ ಅದರ ಉದ್ದದ ಅರ್ಧ. ಅದಕ್ಕೆ ವಸ್ತುವಿನ ದಪ್ಪ ಕೂಡಿಸಿದರೆ ಮೊದಲಿನ ದೂರವನ್ನು ಮೀರಬಾರದು. ಬರೆದರೆ:

ಗರಿಷ್ಠ ಉದ್ದ = 2 × (1.414 × ಓಣಿಯ ಅಗಲ − ವಸ್ತುವಿನ ದಪ್ಪ)

36 ಇಂಚಿನ ಓಣಿಗೆ 1.414 × 36 ಅಂದರೆ 50.9. ಎರಡಡಿ ಅಗಲದ ಟೇಬಲ್ ಅನ್ನು ಮಟ್ಟಸವಾಗಿ ಹಿಡಿದರೆ 2 × (50.9 − 24), ಸುಮಾರು 53.8 ಇಂಚು. ನಾನು ನೋಡಿದ್ದ ಟೇಬಲ್ 48 ಇಂಚು, ಆರಾಮಾಗಿ ತಿರುಗತ್ತೆ. ಮಂಚವನ್ನು ಪಕ್ಕಕ್ಕೆ ಮಲಗಿಸಿ ಹಿಡಿದರೆ ದಪ್ಪ 15 ಇಂಚು: 2 × (50.9 − 15) = 71.8. ನಮ್ಮ ಮಂಚ 75. ಮೂರು ಇಂಚು ಚಿಲ್ಲರೆಗೆ ಸಿಕ್ಕಿಹಾಕಿಕೊಳ್ಳತ್ತೆ. ಎಷ್ಟೇ ಜನ ತಳ್ಳಿದರೂ, "ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ" ಅಂತ ಎಷ್ಟು ಕೂಗಿದರೂ ಹೋಗಲ್ಲ. ಓನರ್ ಗೋಡೆ ಕೆರೆಯತ್ತೆ ಅಷ್ಟೇ, ಆಮೇಲೆ ಅಡ್ವಾನ್ಸ್‌ನಲ್ಲಿ ಮುರ್ಕೊಳ್ತಾರೆ.

ಆದರೆ ಇದು ನೆಲದ ಮೇಲಿನ ಎರಡು ಆಯಾಮದ ಲೆಕ್ಕ. ನಮ್ಮ ಲ್ಯಾಂಡಿಂಗ್ ಮೇಲೆ ಚಾವಣಿ ಇಲ್ಲ, ಆಕಾಶ ಇದೆ. ಮಂಚವನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿದರೆ ನೆಲದಲ್ಲಿ ಹಿಡಿಯೋ ಜಾಗ 36 × 15 ಮಾತ್ರ, 71.8ರ ಮಿತಿಗೆ 36 ಏನೂ ಅಲ್ಲ. ನಿಂತ ಜಾಗದಲ್ಲೇ ತಿರುಗಿಸಿ, ಮತ್ತೆ ಪಕ್ಕಕ್ಕೆ ಮಲಗಿಸಿ, ಪ್ಯಾಸೇಜಿನ ಕೊನೆಯಲ್ಲಿ ನೇರಕ್ಕಿರೋ ಬಾಗಿಲಿನೊಳಗೆ ತಳ್ಳಬಹುದು. ನಿಮ್ಮ ಲ್ಯಾಂಡಿಂಗ್ ಮೇಲೆ ಸ್ಲ್ಯಾಬ್ ಇದ್ದರೆ ಇನ್ನೊಂದು ಲೆಕ್ಕ ಸೇರತ್ತೆ. ವಸ್ತುವನ್ನು ಎತ್ತಿ ನಿಲ್ಲಿಸುವಾಗ ಅದರ ಕರ್ಣ ಚಾವಣಿಗೆ ತಾಗಬಾರದು. 75 ಮತ್ತು 15ಕ್ಕೆ ಪೈಥಾಗರಸ್ ಹಾಕಿದರೆ 76.5 ಇಂಚು, ಆರಡಿ ನಾಲ್ಕೂವರೆ. ರೂಮಿನೊಳಗೆ ಬೀರು ನಿಲ್ಲಿಸುವಾಗಲೂ ಇದೇ: ಆರೂವರೆ ಅಡಿ ಎತ್ತರ, 19 ಇಂಚು ಆಳದ ಬೀರುವಿಗೆ ಸುಮಾರು ಆರಡಿ ಎಂಟೂಕಾಲು ಇಂಚು ಎತ್ತರ ಬೇಕು. ಲಾಫ್ಟ್ ಕೆಳಗೆ ಇಡೋಕೆ ಹೋದವರಿಗೆ ಇದು ತಡವಾಗಿ ಗೊತ್ತಾಗತ್ತೆ.

ಇದೇ ಮೂಲೆಯ ಸಮಸ್ಯೆ ಮೇಲೆ ಗಣಿತಜ್ಞರು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. 1966ರಲ್ಲಿ ಲಿಯೋ ಮೋಸರ್ ಕೇಳಿದ್ದು: ಒಂದು ಮಾನ ಅಗಲದ ಓಣಿಯ ಮೂಲೆಯಲ್ಲಿ ತಿರುಗಬಲ್ಲ ಅತಿ ದೊಡ್ಡ ಸೋಫಾದ ವಿಸ್ತೀರ್ಣ ಎಷ್ಟು? 1968ರಲ್ಲಿ ಹ್ಯಾಮರ್ಸ್ಲಿ ಹಳೇ ಕಾಲದ ಟೆಲಿಫೋನ್ ರಿಸೀವರ್ ಥರದ ಆಕಾರ ಕೊಟ್ಟು 2.2074ಕ್ಕೆ ತಂದರು. 1992ರಲ್ಲಿ ಗರ್ವರ್ 2.2195ಕ್ಕೆ ಏರಿಸಿದರು. ಅದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲ ಅಂತ ದಕ್ಷಿಣ ಕೊರಿಯಾದ ಜಿನಿಯನ್ ಬೇಕ್ 2024ರಲ್ಲಿ ನೂರಕ್ಕೂ ಹೆಚ್ಚು ಪುಟದ ಪ್ರೂಫ್ ಪ್ರಕಟಿಸಿದರು. ಆ ಸೋಫಾ ಮೇಲೆ ಕೂರೋದು ಹೇಗೆ ಅಂತ ಮಾತ್ರ ಯಾರೂ ಹೇಳಿಲ್ಲ.

ಸರಿ, ಹೊರೋದು. ಮೆಟ್ಟಿಲ ಮೇಲೆ ಕೆಳಗಿರುವವರಿಗೆ ಭಾರ ಜಾಸ್ತಿ ಅಂತ ಎಲ್ಲರಿಗೂ ಗೊತ್ತು, ಎಷ್ಟು ಜಾಸ್ತಿ ಅನ್ನೋದು ಗೊತ್ತಿರಲ್ಲ. ಇಬ್ಬರೂ ತಳದ ಅಂಚನ್ನೇ ಹಿಡಿದಿದ್ದರೆ ಕೆಳಗಿನವರ ಪಾಲು = ಅರ್ಧ + (ಗುರುತ್ವ ಕೇಂದ್ರದ ಎತ್ತರ ÷ ಉದ್ದ) × ಇಳಿಜಾರು. 7 ಇಂಚು ಎತ್ತರ, 10 ಇಂಚು ಅಗಲದ ಮೆಟ್ಟಿಲಿಗೆ ಇಳಿಜಾರು 0.7. ಬೀರುವನ್ನು ಬೆನ್ನ ಮೇಲೆ ಮಲಗಿಸಿ ಹೊತ್ತರೆ ಕೇಂದ್ರ 9.5 ಇಂಚು ಮೇಲೆ, ಉದ್ದ 78. ಪಾಲು ಸುಮಾರು 0.585. ಬೀರು 70 ಕೆಜಿ ಅಂತ ಇಟ್ಕೊಂಡರೆ ಕೆಳಗೆ 41, ಮೇಲೆ 29. ತಡ್ಕೋಬಹುದು. ಆದರೆ ಮೂರಡಿ ಉದ್ದ, ಮೂರಡಿ ಎತ್ತರದ ಚೌಕ ಕಪಾಟು ತಗೊಳ್ಳಿ. ಕೇಂದ್ರ 18 ಇಂಚು ಮೇಲೆ, ಉದ್ದ 36. ಪಾಲು 0.85! 40 ಕೆಜಿ ಕಪಾಟಿನಲ್ಲಿ 34 ಕೆಜಿ ಕೆಳಗಿನವನ ಮೇಲೆ, ಮೇಲಿನವನು 6 ಕೆಜಿ ಹಿಡ್ಕೊಂಡು "ಬೇಗ ಬಾ ಮಗಾ" ಅಂತಿರ್ತಾನೆ.

ಪರಿಹಾರ ಸುಲಭ. ಮೇಲಿನವರು ವಸ್ತುವಿನ ಮೇಲಂಚನ್ನು ಹಿಡೀಬೇಕು, ಕೆಳಗಿನವರು ತಳದ ಅಂಚನ್ನು. ಆಗ ಇಬ್ಬರ ಕೈಗಳನ್ನು ಸೇರಿಸೋ ಗೆರೆ ಗುರುತ್ವ ಕೇಂದ್ರದ ಮೂಲಕವೇ ಹೋಗತ್ತೆ, ಇಳಿಜಾರು ಎಷ್ಟೇ ಇರಲಿ ಪಾಲು ಅರ್ಧರ್ಧ. ಹಮಾಲಿ ಕೆಲಸದವರು ಹೀಗೇ ಹಿಡಿಯೋದನ್ನು ನೋಡಿದೀನಿ, ಅವರಿಗೆ ಫ್ರೀ ಬಾಡಿ ಡಯಾಗ್ರಮ್ ಬೇಕಾಗಿಲ್ಲ. ಬಾಗಿಲು, ಡ್ರಾಯರ್‌ಗಳನ್ನು ಮೊದಲೇ ಹಗ್ಗದಲ್ಲಿ ಕಟ್ಟಿ. ಅರ್ಧ ಮೆಟ್ಟಿಲಲ್ಲಿ ಬೀರು ಬಾಗಿಲು ತೆರೆದುಕೊಂಡರೆ ಕೇಂದ್ರ ಜಾರತ್ತೆ, ಕೆಳಗಿದ್ದವರ ಬೆರಳು ಹೋಗತ್ತೆ. ಬಾಲ್ಕನಿಯಿಂದ ಹಗ್ಗ ಹಾಕಿ ಎಳೆಯೋ ಯೋಚನೆ ಇದ್ದರೆ ಮೊದಲು ಮುಂದಿನ ಕರೆಂಟ್ ತಂತಿ ಎಷ್ಟು ದೂರ ಇದೆ ನೋಡಿ. ಹತ್ತಿರ ಇದ್ದರೆ ಆ ಯೋಚನೆಯನ್ನು ಅಲ್ಲೇ ಬಿಡಿ.

ಗಾಡಿಗೆ ಟಾಟಾ ಏಸ್ ಸಾಕಾಯ್ತು. ಅದರ ಹಾಸು ಸುಮಾರು 7.2 ಅಡಿ ಉದ್ದ, 4.9 ಅಡಿ ಅಗಲ. ಬೀರು ಮಲಗಿಸಿ, ಅದರ ಪಕ್ಕ ಮಂಚವನ್ನು ಅಡ್ಡ ನಿಲ್ಲಿಸಿದ್ರೂ ಟೇಬಲ್‌ಗೆ ಬೀರು ಮೇಲೆ, ಹಳೇ ಕಂಬಳಿ ಹಾಸಿ, ಜಾಗ ಇತ್ತು. ಮಂಚ 2,800, ಬೀರು 2,000, ಟೇಬಲ್ 900, ಗಾಡಿ 1,200. ಒಟ್ಟು 6,900. ಉಳಿದ ನೂರರಲ್ಲಿ ಎತ್ತೋಕೆ ಬಂದ ಮೂವರಿಗೆ ಟೀ, ಬೋಂಡ. ಮಂಚ ಲ್ಯಾಂಡಿಂಗ್‌ನಲ್ಲಿ ಲೆಕ್ಕದ ಹಾಗೇ ನಿಂತು ತಿರುಗಿತು.

ಎತ್ತರದ ಬಗ್ಗೆ ಇನ್ನೊಂದು. ಮಂಡಿ ನೋವಿನವರಿಗೆ ಕೂರೋ ಜಾಗ ಅವರ ಮಂಡಿಯ ಹಿಂಭಾಗದ ಎತ್ತರಕ್ಕಿಂತ ಒಂದೆರಡು ಇಂಚು ಮೇಲಿದ್ದರೆ ಏಳೋದು ಸುಲಭ, ಪಾದ ಮಾತ್ರ ಪೂರ್ತಿ ನೆಲಕ್ಕೆ ತಾಗಬೇಕು. ಅಜ್ಜಿಯದು ಅಳೆದರೆ 15.5 ಇಂಚು. ಮಂಚ 15, ಹಾಸಿಗೆ ಕೂತಾಗ ಅದುಮಿ 2. ಹದಿನೇಳಕ್ಕೆ ಬಂತು. ಇನ್ನೂ ತಗ್ಗಾಗಿದ್ದರೆ ಇಟ್ಟಿಗೆ ಇಡಬೇಡಿ, ಜಾರತ್ತೆ; ಕಾಲಿನ ಅಳತೆಗೆ ಗುಳಿ ಕೊರೆದ ಮರದ ತುಂಡು ಮಾಡಿಸಿ. ನಮ್ಮ ಮಂಚದ ಒಂದು ಕಾಲು ಟೈಲ್ಸ್ ಮೇಲೆ ಕಾಲು ಇಂಚು ಎದ್ದಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಮಡಿಚಿ ಕೆಳಗೆ ಸೇರಿಸಿದ್ವಿ, ಈಗ ಅಜ್ಜಿ ಎದ್ದಾಗ ಕಿರ್ ಅನ್ನಲ್ಲ.