ಬೆನೆಡಿಕ್ಟೀನ್ ಸಂನ್ಯಾಸಿಗಳೂ ಗ್ರಂಥರಕ್ಷಣೆಯೂ

ರೋಮ್ ಸಾಮ್ರಾಜ್ಯದ ಪತನವನ್ನು ಇತಿಹಾಸದ ತರಗತಿಯಲ್ಲಿ ನಾವೆಲ್ಲರೂ ಓದಿರುತ್ತೇವೆ. ಪಶ್ಚಿಮದ ಕೊನೆಯ ಚಕ್ರವರ್ತಿಯು ಕ್ರಿ.ಶ. 476ರಲ್ಲಿ ಪದಚ್ಯುತನಾದನೆಂಬುದನ್ನು ಪರೀಕ್ಷೆಗಾಗಿ ನೆನಪಿನಲ್ಲಿಟ್ಟುಕೊಳ್ಳುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಸಾಮ್ರಾಜ್ಯವು ಅಳಿದರೂ ಅದರ ಕವಿಗಳ, ವಾಗ್ಮಿಗಳ, ಇತಿಹಾಸಕಾರರ ಗ್ರಂಥಗಳು ಇಂದಿಗೂ ದೊರೆಯುತ್ತಿವೆಯಷ್ಟೆ? ಯೂರೋಪಿನಲ್ಲಿ ಮುದ್ರಣಯಂತ್ರವು ಬಳಕೆಗೆ ಬಂದದ್ದು ಹದಿನೈದನೆಯ ಶತಮಾನದ ನಡುಭಾಗದಲ್ಲಿ. ನಡುವಣ ಸಾವಿರ ವರ್ಷಗಳ ಕಾಲ, ಯುದ್ಧ, ಬೆಂಕಿ, ಹುಳುಗಳ ಬಾಯಿಗೆ ಸಿಕ್ಕದಂತೆ ಅವುಗಳನ್ನು ಉಳಿಸಿಕೊಂಡು ಬಂದವರು ಯಾರು?

ಗ್ರೀಕ್ ಗ್ರಂಥಗಳ ವಿಷಯದಲ್ಲಿ ಕಾನ್‌ಸ್ಟಾಂಟಿನೋಪಲಿನ ಪಂಡಿತರಿಗೂ ಅರಬ್ ವಿದ್ವಾಂಸರಿಗೂ ಹೆಚ್ಚಿನ ಕೀರ್ತಿ ಸಲ್ಲಬೇಕು. ಲ್ಯಾಟಿನ್ ಗ್ರಂಥಗಳ ಮಟ್ಟಿಗೆ ಹೇಳುವುದಾದರೆ, ಅವುಗಳ ಬಹುಭಾಗವು ಕ್ರೈಸ್ತ ಮಠಗಳ ಕಪಾಟುಗಳಲ್ಲಿಯೇ ಉಳಿಯಿತು. ಆ ಮಠಗಳಲ್ಲಿ ಬೆನೆಡಿಕ್ಟೀನ್ ಸಂಘಕ್ಕೆ ಸೇರಿದವುಗಳ ಸ್ಥಾನವು ವಿಶೇಷವಾದುದು. ನಮ್ಮ ನಗರಗಳಲ್ಲಿ ಶಾಲೆ ಕಾಲೇಜುಗಳನ್ನು ನಡೆಯಿಸುವ ಜೆಸುಯಿಟ್ ಪಾದ್ರಿಗಳ ಸಂಘವು ಬೇರೆ. ಅದು 1540ರಲ್ಲಿ ಮಾನ್ಯತೆ ಪಡೆದುದು, ದೇಶದೇಶಗಳನ್ನು ಸುತ್ತುವ ಸ್ವಭಾವದ್ದು. ಬೆನೆಡಿಕ್ಟೀನರದು ಅದಕ್ಕಿಂತ ಸಾವಿರ ವರ್ಷ ಹಿಂದಿನದು, ಮತ್ತು ಅದರ ಮೊದಲ ಲಕ್ಷಣವೇ ಒಂದೆಡೆ ನೆಲೆನಿಲ್ಲುವುದು.

ಈ ಸಂಘದ ಮೂಲಪುರುಷನಾದ ಬೆನೆಡಿಕ್ಟನು ಸುಮಾರು 480ರಲ್ಲಿ ಇಟಲಿಯ ನೂರ್ಸಿಯ ಎಂಬ ಊರಿನಲ್ಲಿ ಹುಟ್ಟಿದನು. ವಿದ್ಯಾಭ್ಯಾಸಕ್ಕೆಂದು ರೋಮಿಗೆ ಹೋದವನು ಅಲ್ಲಿಯ ನಡತೆಗೆ ಬೇಸತ್ತು ಓದನ್ನು ಬಿಟ್ಟು, ಸುಬಿಯಾಕೊ ಎಂಬಲ್ಲಿಯ ಗುಹೆಯೊಂದರಲ್ಲಿ ಮೂರು ವರ್ಷ ಏಕಾಂತದಲ್ಲಿದ್ದನು. ರೊಮಾನಸ್ ಎಂಬ ಸಂನ್ಯಾಸಿಯು ತನ್ನ ಪಾಲಿನ ರೊಟ್ಟಿಯಲ್ಲಿ ಸ್ವಲ್ಪ ಉಳಿಸಿ, ಗಂಟೆ ಕಟ್ಟಿದ ಹಗ್ಗದಿಂದ ಬಂಡೆಯ ಮೇಲಿನಿಂದ ಇಳಿಬಿಡುತ್ತಿದ್ದನಂತೆ. ಈ ಸಂಗತಿಗಳನ್ನೆಲ್ಲ ಬರೆದಿಟ್ಟವನು ಬೆನೆಡಿಕ್ಟನು ತೀರಿಕೊಂಡು ಸುಮಾರು ಐವತ್ತು ವರ್ಷಗಳ ಮೇಲೆ ಬದುಕಿದ್ದ ಪೋಪ್ ಗ್ರೆಗೊರಿ. ಅವನ ಬರಹದಲ್ಲಿ ಪವಾಡಗಳು ಹೇರಳವಾಗಿವೆ. ಒಂದು ಮಠದವರು ಬೆನೆಡಿಕ್ಟನನ್ನು ಬೇಡಿ ಕರೆತಂದು ಅಧಿಪತಿಯನ್ನಾಗಿ ಮಾಡಿಕೊಂಡು, ಬಳಿಕ ಅವನ ಶಿಸ್ತನ್ನು ತಾಳಲಾರದೆ ದ್ರಾಕ್ಷಾರಸದಲ್ಲಿ ವಿಷವಿಟ್ಟರೆಂದೂ, ಅವನು ಆಶೀರ್ವದಿಸಿದೊಡನೆ ಪಾತ್ರೆಯು ಒಡೆದುಹೋಯಿತೆಂದೂ ಒಂದು ಕಥೆಯುಂಟು. ಪವಾಡವನ್ನು ನಂಬುವುದೂ ಬಿಡುವುದೂ ಓದುವವರಿಗೆ ಸೇರಿದುದು. ಕಟ್ಟುನಿಟ್ಟಿನ ಗುರುವನ್ನು ಶಿಷ್ಯರು ಸಹಿಸಲಾರದೆ ಹೋದರೆಂಬುದನ್ನು ಮಾತ್ರ ಯಾರೂ ಸುಲಭವಾಗಿ ನಂಬಬಹುದು.

ಸುಮಾರು 529ರಲ್ಲಿ ಅವನು ರೋಮಿಗೂ ನೇಪಲ್ಸಿಗೂ ನಡುವೆ ಇರುವ ಮಾಂಟೆ ಕ್ಯಾಸಿನೊ ಎಂಬ ಬೆಟ್ಟದ ಮೇಲೆ ಮಠವೊಂದನ್ನು ಕಟ್ಟಿದನು. ಸುಮಾರು 547ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟನು. ಅವನು ಬಿಟ್ಟುಹೋದ ಆಸ್ತಿಯೆಂದರೆ ಪೀಠಿಕೆಯೂ 73 ಅಧ್ಯಾಯಗಳೂ ಇರುವ ಒಂದು ಸಣ್ಣ ನಿಯಮಗ್ರಂಥ. ಅದರಲ್ಲಿ ಎಲ್ಲವೂ ಅವನ ಸ್ವಂತದ್ದಲ್ಲ. ಹಿಂದಿನ ಮಠಗಳ ನಿಯಮಗಳಿಂದ ಬಹಳಷ್ಟನ್ನು ತೆಗೆದುಕೊಂಡಿದ್ದಾನೆ. ಆದರೂ ಉಳಿದವೆಲ್ಲ ಹಿಂದೆ ಸರಿದು ಇದೊಂದು ಯೂರೋಪಿನಲ್ಲೆಲ್ಲ ಹರಡಿದುದಕ್ಕೆ ಕಾರಣವು ಇದರ ಹದವೇ ಎಂದು ನಮಗೆ ತೋರುತ್ತದೆ.

ಈ ಹದವನ್ನು ಕೆಲವು ಉದಾಹರಣೆಗಳಿಂದ ತಿಳಿಯಬಹುದು. ಸಂನ್ಯಾಸಿಗಳು ಚಳಿಗಾಲದಲ್ಲಿ ನಡುರಾತ್ರಿ ಕಳೆದು ಸುಮಾರು ಎರಡು ಗಂಟೆಗೆ ಪ್ರಾರ್ಥನೆಗೆ ಏಳಬೇಕು. ಆದರೆ ನಿದ್ದೆಗಣ್ಣಿನವರು ಏನಾದರೊಂದು ನೆಪ ಹೇಳುತ್ತಾರಾದುದರಿಂದ, ಒಬ್ಬರನ್ನೊಬ್ಬರು ಮೃದುವಾಗಿ ಹುರಿದುಂಬಿಸಿ ಎಬ್ಬಿಸಬೇಕೆಂದು ಅವನು ವಿಧಿಸಿದ್ದಾನೆ. ತಡವಾಗಿ ಬರುವವರಿಗೂ ಅವಕಾಶವಾಗುವಂತೆ ಆರಂಭದ ಕೀರ್ತನೆಯನ್ನು ನಿಧಾನವಾಗಿ ಹಾಡಬೇಕಂತೆ! ಊಟಕ್ಕೆ ಬೇಯಿಸಿದ ಪದಾರ್ಥಗಳು ಎರಡಿರಬೇಕು. ಒಂದು ಸೇರದವನು ಇನ್ನೊಂದನ್ನು ಉಣ್ಣಲಿ. ಅಡಿಗೆಯ ಕೆಲಸವನ್ನು ವಾರಕ್ಕೊಬ್ಬರಂತೆ ಸರದಿಯಿಂದ ಮಾಡಬೇಕು. ಮಠದ ಪಾತ್ರೆ ಪದಾರ್ಥ, ಗುದ್ದಲಿ ಮುಂತಾದುವನ್ನು ಪೂಜೆಯ ಪಾತ್ರೆಗಳಂತೆಯೇ ಗೌರವದಿಂದ ಕಾಣಬೇಕು. ಅತಿಥಿಯು ಯಾರೇ ಆಗಲಿ, ಕ್ರಿಸ್ತನೇ ಬಂದನೆಂದು ಬಗೆದು ಸತ್ಕರಿಸಬೇಕು. ಮುಖ್ಯವಾದ ವಿಷಯವು ಬಂದಾಗ ಮಠಾಧಿಪತಿಯು ಎಲ್ಲರನ್ನೂ ಕರೆದು ಆಲೋಚನೆ ಕೇಳಬೇಕು. ಕಿರಿಯರನ್ನೂ ಬಿಡಕೂಡದು, ಏಕೆಂದರೆ ಉತ್ತಮವಾದ ದಾರಿಯನ್ನು ದೇವರು ಹಲವು ವೇಳೆ ಕಿರಿಯರಿಗೇ ತೋರಿಸುತ್ತಾನೆ. ಈ ಕೊನೆಯ ಮಾತನ್ನು ನಮ್ಮ ಸಹಪಾಠಿಗಳು ಮೆಚ್ಚದೆ ಇರಲಾರರು.

ಸಂಘಕ್ಕೆ ಸೇರುವವನು ವಿಧೇಯತೆ, ಸಂನ್ಯಾಸ ಜೀವನಕ್ಕೆ ತಕ್ಕ ನಡತೆ, ಸ್ಥಿರತೆ ಎಂಬ ಮೂರು ಪ್ರತಿಜ್ಞೆಗಳನ್ನು ಕೈಗೊಳ್ಳಬೇಕು. ಸ್ಥಿರತೆಯೆಂದರೆ ಸೇರಿದ ಮಠವನ್ನು ಸಾಯುವವರೆಗೂ ಬಿಡದಿರುವುದು. ಸ್ವಂತ ಆಸ್ತಿಯು ಯಾವುದೂ ಕೂಡದು. ಪುಸ್ತಕ, ಬರೆಯುವ ಹಲಗೆ, ಲೇಖನಿ ಇವು ಕೂಡ ಮಠದವೇ. ಹಗಲು ಏಳು ಸಲ, ರಾತ್ರಿ ಒಂದು ಸಲ ಎಲ್ಲರೂ ಕೂಡಿ ಪ್ರಾರ್ಥನೆ ಮಾಡಿ, ಬೈಬಲಿನ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಮುಗಿಸಬೇಕು. ಉಳಿದ ಹೊತ್ತನ್ನು ಕೈಕೆಲಸಕ್ಕೂ ಓದಿಗೂ ಹಂಚಿದೆ. ‘ಪ್ರಾರ್ಥಿಸು, ದುಡಿ’ ಎಂಬುದು ಸಂಘದ ಧ್ಯೇಯವಾಕ್ಯವೆಂದು ಪ್ರಸಿದ್ಧವಾಗಿದೆ. ಆದರೆ ಆ ಮಾತು ನಿಯಮಗ್ರಂಥದಲ್ಲಿ ಎಲ್ಲಿಯೂ ಇಲ್ಲ, ಬಹಳ ಕಾಲದ ಮೇಲೆ ರೂಢಿಗೆ ಬಂದುದು. ಅದರಲ್ಲಿ ಓದಿನ ಹೆಸರೇ ಬಿಟ್ಟುಹೋಗಿರುವುದು ಸರಿಯಲ್ಲ. ಏಕೆಂದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಭಂಡಾರದಿಂದ ಒಂದು ಪುಸ್ತಕವನ್ನು ಕೊಡಬೇಕು, ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು, ಓದುವ ವೇಳೆಯಲ್ಲಿ ಯಾರು ಹರಟುತ್ತ ಕುಳಿತಿದ್ದಾರೆಂದು ಹಿರಿಯರು ಒಬ್ಬಿಬ್ಬರು ಸುತ್ತಾಡಿ ನೋಡಬೇಕು, ಎಂದು ಬೆನೆಡಿಕ್ಟನು ಸ್ಪಷ್ಟವಾಗಿ ವಿಧಿಸಿದ್ದಾನೆ.

ಪುಸ್ತಕಗಳನ್ನು ನಕಲು ಮಾಡಿರೆಂದು ಅವನು ಹೇಳಿಲ್ಲವೆಂಬುದು ಗಮನಿಸತಕ್ಕ ವಿಷಯ. ಆದರೆ ಪ್ರತಿಯೊಬ್ಬನೂ ಓದಬೇಕಾದಲ್ಲಿ ಪುಸ್ತಕಗಳು ಬೇಕು; ಕೊಳ್ಳಲು ಅಂಗಡಿಗಳಿಲ್ಲದ ಕಾಲದಲ್ಲಿ ಅವನ್ನು ಬರೆದೇ ಪಡೆಯಬೇಕು. ಹೀಗೆ ಬರವಣಿಗೆಯು ಗುದ್ದಲಿಯ ಕೆಲಸದಂತೆ ಮಠದ ದುಡಿಮೆಗಳಲ್ಲಿ ಒಂದಾಯಿತು. ಎಂಟು ಒಂಬತ್ತನೆಯ ಶತಮಾನಗಳಲ್ಲಿ ಷಾರ್ಲಮೇನ್ ಚಕ್ರವರ್ತಿಯೂ ಅವನ ಮಗನೂ ತಮ್ಮ ರಾಜ್ಯದ ಮಠಗಳಲ್ಲೆಲ್ಲ ಬೆನೆಡಿಕ್ಟನ ನಿಯಮವೇ ನಡೆಯಬೇಕೆಂದು ಒತ್ತಾಯಪಡಿಸಿದ ಮೇಲೆ ಈ ಕೆಲಸವು ಬಹಳವಾಗಿ ಹೆಚ್ಚಿತು. ಕುರಿ, ಕರುಗಳ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಯಿಸಿ, ಕೆರೆದು, ಬಿಗಿದು ಒಣಗಿಸಿ ಹಾಳೆಗಳನ್ನು ಮಾಡುತ್ತಿದ್ದರು. ಒಂದು ದೊಡ್ಡ ಗ್ರಂಥಕ್ಕೆ ನೂರಾರು ಚರ್ಮಗಳು ಬೇಕಾಗುತ್ತಿದ್ದುವು. ಹಕ್ಕಿಯ ಗರಿಯೇ ಲೇಖನಿ. ಆ ಕಾಲದ ಮಠಗಳಲ್ಲಿ ರೂಪುಗೊಂಡ ದುಂಡನೆಯ ಸ್ಫುಟವಾದ ಬರವಣಿಗೆಯನ್ನು ಹದಿನೈದನೆಯ ಶತಮಾನದ ಇಟಲಿಯ ವಿದ್ವಾಂಸರು ಪ್ರಾಚೀನ ರೋಮಿನದೆಂದೇ ಭ್ರಮಿಸಿ ಅನುಸರಿಸಿದರು. ಮುದ್ರಕರು ಅದನ್ನೇ ಅಚ್ಚಿಗೆ ಇಳಿಸಿದರು. ನಮ್ಮ ಇಂಗ್ಲಿಷ್ ಪಠ್ಯಪುಸ್ತಕದ ಸಣ್ಣಕ್ಷರಗಳು ಆ ವಂಶಕ್ಕೆ ಸೇರಿದುವು.

ಇನ್ನು ಒಂದು ಗ್ರಂಥದ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರನು ಎರಡನೆಯ ಶತಮಾನದ ಆದಿಯಲ್ಲಿ ‘ಆನಲ್ಸ್’ ಎಂಬ ವಾರ್ಷಿಕ ವೃತ್ತಾಂತವನ್ನು ಬರೆದನು. ಅದರ ಮೊದಲ ಆರು ಸಂಪುಟಗಳಲ್ಲಿ ಉಳಿದಿರುವಷ್ಟೂ ನಮಗೆ ದೊರೆತದ್ದು ಒಂದೇ ಒಂದು ಹಸ್ತಪ್ರತಿಯಿಂದ. ಅದು ಜರ್ಮನಿಯ ಕೊರ್ವೇ ಎಂಬ ಬೆನೆಡಿಕ್ಟೀನ್ ಮಠದಲ್ಲಿತ್ತು. ಹನ್ನೊಂದರಿಂದ ಹದಿನಾರರವರೆಗಿನ ಸಂಪುಟಗಳಿಗೆ ಆಧಾರವೂ ಹನ್ನೊಂದನೆಯ ಶತಮಾನದಲ್ಲಿ ಮಾಂಟೆ ಕ್ಯಾಸಿನೊದಲ್ಲಿ ಬರೆದ ಒಂದೇ ಪ್ರತಿ. ನಡುವಣ ನಾಲ್ಕು ಸಂಪುಟಗಳನ್ನು ಯಾರೂ ಉಳಿಸಲಿಲ್ಲ. ಅವು ಹೋದುವು, ಹೋದುವೇ. ಕ್ರಿ.ಶ. 64ರಲ್ಲಿ ರೋಮ್ ನಗರವು ಉರಿದುದನ್ನೂ, ನೀರೊ ಚಕ್ರವರ್ತಿಯು ಆ ತಪ್ಪನ್ನು ಕ್ರೈಸ್ತರ ಮೇಲೆ ಹೊರಿಸಿ ಅವರನ್ನು ಕೊಲ್ಲಿಸಿದುದನ್ನೂ ಟ್ಯಾಸಿಟಸನು ಹದಿನೈದನೆಯ ಸಂಪುಟದಲ್ಲಿ ವರ್ಣಿಸಿದ್ದಾನೆ. ಅಲ್ಲಿ ಕ್ರೈಸ್ತ ಮತವನ್ನು ಅವನು ಕಠೋರವಾದ ಮಾತುಗಳಿಂದ ನಿಂದಿಸುತ್ತಾನೆ. ಮಾಂಟೆ ಕ್ಯಾಸಿನೊದ ಸಂನ್ಯಾಸಿಯು ತನ್ನ ಮತದ ನಿಂದೆಯಿರುವ ಆ ಸಾಲುಗಳನ್ನೂ ಅಳಿಸದೆ ಬರೆದುಕೊಟ್ಟನು. ಆ ಎರಡು ಪ್ರತಿಗಳೂ ಈಗ ಫ್ಲಾರೆನ್ಸ್ ನಗರದ ಲಾರೆನ್ಷಿಯನ್ ಗ್ರಂಥಾಲಯದಲ್ಲಿವೆ.

ಇಷ್ಟರಿಂದ ಎಲ್ಲ ಮಠಗಳೂ ಎಲ್ಲ ಕಾಲದಲ್ಲಿಯೂ ವಿದ್ಯೆಯ ಕಾವಲುಗಾರರಾಗಿದ್ದುವೆಂದು ಹೇಳುವಂತಿಲ್ಲ. ಚರ್ಮದ ಹಾಳೆ ದುಬಾರಿಯಾದುದರಿಂದ ಹಳೆಯ ಬರಹವನ್ನು ತೊಳೆದುಹಾಕಿ ಮೇಲೆ ಹೊಸದನ್ನು ಬರೆಯುವ ಪದ್ಧತಿಯಿತ್ತು. ಸಿಸಿರೊ ರಾಜ್ಯವನ್ನು ಕುರಿತು ಬರೆದ ಗ್ರಂಥವು ಬೊಬ್ಬಿಯೊ ಮಠದಲ್ಲಿ ಹೀಗೆಯೇ ಮರೆಯಾಗಿ, ಅದರ ಮೇಲೆ ಸಂತ ಅಗಸ್ಟೀನನ ಕೀರ್ತನೆಗಳ ವ್ಯಾಖ್ಯಾನವು ಕುಳಿತುಬಿಟ್ಟಿತು. 1819ರಲ್ಲಿ ಆಂಜೆಲೊ ಮಾಯ್ ಎಂಬ ವಿದ್ವಾಂಸನು ಅಡಿಯ ಅಕ್ಷರಗಳನ್ನು ಕಂಡುಹಿಡಿದನು. ಹದಿನಾಲ್ಕನೆಯ ಶತಮಾನದಲ್ಲಿ ಕಥೆಗಾರ ಬೊಕಾಚಿಯೊ ಮಾಂಟೆ ಕ್ಯಾಸಿನೊಗೆ ಹೋದಾಗ ಗ್ರಂಥಭಂಡಾರಕ್ಕೆ ಬಾಗಿಲೇ ಇರಲಿಲ್ಲವಂತೆ, ಕಿಟಕಿಗಳಲ್ಲಿ ಹುಲ್ಲು ಬೆಳೆದಿತ್ತಂತೆ. ನಾಲ್ಕು ಕಾಸಿನ ಆಸೆಗೆ ಸಂನ್ಯಾಸಿಗಳು ಪುಸ್ತಕಗಳ ಹಾಳೆಗಳನ್ನು ಕತ್ತರಿಸಿ ಮಾರುತ್ತಿದ್ದರೆಂದು ತಿಳಿದು ಅವನು ಅಳುತ್ತ ಹಿಂದಿರುಗಿದನೆಂದು ಅವನ ಶಿಷ್ಯನೊಬ್ಬನು ಬರೆದಿಟ್ಟಿದ್ದಾನೆ. ಸ್ವಂತ ಆಸ್ತಿಯಿಲ್ಲದವರ ಮಠಗಳೇ ದೊಡ್ಡ ಜಮೀನುದಾರರಾದುದೂ ಉಂಟು. ಇದನ್ನು ತಿದ್ದಲೆಂದು ಹೊರಟ ಕೆಲವರು 1098ರಲ್ಲಿ ಸಿಸ್ಟರ್ಶಿಯನ್ ಎಂಬ ಬೇರೆ ಶಾಖೆಯನ್ನೇ ಆರಂಭಿಸಿದರು. ಇಂಗ್ಲೆಂಡಿನ ಮಠಗಳನ್ನು ಎಂಟನೆಯ ಹೆನ್ರಿಯು 1536 ರಿಂದ 1540ರ ಒಳಗೆ ಮುಚ್ಚಿಸಿದನು. ಫ್ರಾನ್ಸಿನವು 1790ರಲ್ಲಿ ಕ್ರಾಂತಿಗೆ ಗುರಿಯಾದುವು.

ಮಾಂಟೆ ಕ್ಯಾಸಿನೊದ ಮೂಲ ಮಠವಂತೂ ನಾಲ್ಕು ಸಲ ನೆಲಸಮವಾಯಿತು. ಆರನೆಯ ಶತಮಾನದ ಕೊನೆಯ ಭಾಗದಲ್ಲಿ ಲೊಂಬಾರ್ಡರಿಂದ, 883ರಲ್ಲಿ ಅರಬ್ ದಾಳಿಕಾರರಿಂದ, 1349ರಲ್ಲಿ ಭೂಕಂಪದಿಂದ. ನಾಲ್ಕನೆಯದು ಎರಡನೆಯ ಮಹಾಯುದ್ಧದ ಕಾಲದ್ದು. ಅದರಲ್ಲಿ ಭಾರತೀಯರಾದ ನಮ್ಮ ಹೆಸರೂ ಸೇರಿದೆ. ಜರ್ಮನರು ಆ ಬೆಟ್ಟಗಳ ಸಾಲಿನಲ್ಲಿ ನೆಲೆಯೂರಿ ರೋಮಿನ ದಾರಿಯನ್ನು ತಡೆದಿದ್ದರು. 1943ರ ಅಕ್ಟೋಬರಿನಲ್ಲಿ, ಯುದ್ಧವು ಸಮೀಪಿಸುತ್ತಿದ್ದಂತೆ, ಜರ್ಮನ್ ಸೈನ್ಯದ ಶ್ಲೇಗೆಲ್ ಮತ್ತು ಬೆಕರ್ ಎಂಬ ಅಧಿಕಾರಿಗಳು ವೃದ್ಧನಾದ ಮಠಾಧಿಪತಿ ದಿಯಮಾರೆಯವರ ಮನವೊಲಿಸಿ, ಗ್ರಂಥಭಂಡಾರವನ್ನು ಲಾರಿಗಳಲ್ಲಿ ರೋಮಿಗೆ ಸಾಗಿಸಿದರು. ಮಠದ ಮರದ ಸಾಮಾನುಗಳಿಂದಲೂ ಪೆಟ್ಟಿಗೆಗಳನ್ನು ಮಾಡಿದರು. ಮುಂದೆ ಬೆಟ್ಟವನ್ನೇರುವ ಹೊಣೆ ಭಾರತದ ನಾಲ್ಕನೆಯ ಡಿವಿಜನ್ನಿನ ಮೇಲೆ ಬಿದ್ದಿತು. ಅದರ ಸೇನಾಧಿಪತಿಯಾದ ಟಕರನು, ಮಠದ ಗೋಡೆಗಳ ದಪ್ಪವೆಷ್ಟೆಂಬುದನ್ನು ನೇಪಲ್ಸಿನಲ್ಲಿ ದೊರೆತ ಹಳೆಯ ಪುಸ್ತಕವೊಂದರಿಂದಲೇ ತಿಳಿದುಕೊಂಡು, ಆಕ್ರಮಣಕ್ಕೆ ಮೊದಲು ಅದನ್ನು ವಿಮಾನಗಳಿಂದ ಒಡೆಯಬೇಕೆಂದು ಕೇಳಿದನು. 1944ರ ಫೆಬ್ರುವರಿ 15ರಂದು ಎರಡುನೂರಕ್ಕೂ ಹೆಚ್ಚು ಅಮೆರಿಕನ್ ವಿಮಾನಗಳು ಬಾಂಬಿನ ಮಳೆಗರೆದುವು. ಒಳಗೆ ಜರ್ಮನ್ ಸೈನಿಕರಿರಲಿಲ್ಲ. ಆಶ್ರಯವನ್ನು ಬೇಡಿ ಬಂದಿದ್ದ ಸುತ್ತಲಿನ ಜನರಿದ್ದರು, ಅವರಲ್ಲಿ ನೂರಕ್ಕೂ ಮಿಕ್ಕು ಸತ್ತರು. ಅವಶೇಷಗಳನ್ನು ಜರ್ಮನರು ಆ ಬಳಿಕ ಹಿಡಿದುಕೊಂಡುದರಿಂದ ಬೆಟ್ಟವು ಮತ್ತಷ್ಟು ದುರ್ಗಮವಾಯಿತು. ರಾಜಪುತಾನಾ ರೈಫಲ್ಸಿನ ಯೋಧರೂ ಗೂರ್ಖರೂ ಕತ್ತಲೆಯಲ್ಲಿ ಆ ಕಲ್ಲುಬಂಡೆಗಳನ್ನೇರಿ ಅಪಾರ ಸಂಖ್ಯೆಯಲ್ಲಿ ಮಡಿದರು. ಕೊನೆಗೆ ಮೇ 18ರಂದು ಪೋಲೆಂಡಿನ ಸೈನಿಕರು ಶಿಖರವನ್ನು ಹಿಡಿದರು. ಬೆಟ್ಟದ ಕೆಳಗಿನ ಯುದ್ಧಸ್ಮಶಾನದಲ್ಲಿ ಭಾರತೀಯರ ಹೆಸರುಗಳು ಇಂದಿಗೂ ಕಲ್ಲಿನ ಮೇಲಿವೆ.

ಮಠವನ್ನು ಹಿಂದಿದ್ದಂತೆಯೇ ಮತ್ತೆ ಕಟ್ಟಿದರು. 1964ರ ಅಕ್ಟೋಬರ್ 24ರಂದು ಆರನೆಯ ಪೌಲ್ ಪೋಪ್ ಅದನ್ನು ಪ್ರತಿಷ್ಠಾಪಿಸಿದರು. ಕಡಿದರೂ ಚಿಗುರುವ ಮರವು ಆ ಮಠದ ಲಾಂಛನ. ಸಾಗಿಸಿದ್ದ ಹಸ್ತಪ್ರತಿಗಳೂ ಹಿಂದಿರುಗಿದುವು. ಬೆನೆಡಿಕ್ಟೀನರು ಈಗ ಬೇರೆ ಬೇರೆ ಖಂಡಗಳಲ್ಲಿ ಹರಡಿದ್ದಾರೆ. ಕರ್ನಾಟಕದಲ್ಲಿ ಅವರ ಮಠವನ್ನು ಕಾಣಬೇಕೆನ್ನುವವರು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಕುಂಬಳಗೋಡಿನ ಬಳಿ ‘ಆಶೀರ್ವನಂ’ ಎಲ್ಲಿದೆಯೆಂದು ಕೇಳಬಹುದು. ಅಲ್ಲಿಯೂ ಗಂಟೆಗೆ ಸರಿಯಾಗಿ ಕೀರ್ತನೆಗಳ ಪಠನ ನಡೆಯುತ್ತದೆ, ನಿಯಮಗ್ರಂಥವೂ ಅದೇ 73 ಅಧ್ಯಾಯಗಳದು.