ಕಲನಗಣಿತಕ್ಕೆ ಬೇಸಗೆಯ ಸಿದ್ಧತೆ

ಶಿಂಷಾ ನದಿಯ ದಡದ ವೈದ್ಯನಾಥಪುರದಂತಹ ಗ್ರಾಮಗಳಿಂದ, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಸೇರುವ ವಿದ್ಯಾರ್ಥಿಗೆ ಎರಡು ಹೊಸತುಗಳು ಏಕಕಾಲಕ್ಕೆ ಎದುರಾಗುತ್ತವೆ. ಒಂದು, ಇಂಗ್ಲಿಷಿನಲ್ಲಿ ನಡೆಯುವ ಪಾಠ; ಇನ್ನೊಂದು, ಕಲನಗಣಿತ. ಮೊದಲ ವರ್ಷದಲ್ಲಿ ಮಿತಿ ಹಾಗೂ ಅವಕಲನಗಳ ಪರಿಚಯ. ಎರಡನೆಯ ವರ್ಷದಲ್ಲಿ ಅವುಗಳ ವಿಸ್ತಾರ ಮತ್ತು ಅನುಕಲನ. ಈ ಇಮ್ಮಡಿ ಭಾರಕ್ಕೆ ಅಂಜಿ ಜಾಣ ಮಕ್ಕಳೂ ಗಣಿತವನ್ನು ಕೈಬಿಡುವುದುಂಟು. ಬೇಸಗೆಯ ಬಿಡುವಿನಲ್ಲಿ ಸ್ವಾಧ್ಯಾಯ ನಡೆಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಆದರೆ ಓದತಕ್ಕದ್ದೇನು? ಮುಂದಿನ ವರ್ಷದ ಸೂತ್ರಗಳನ್ನು ಈಗಲೇ ಕಂಠಪಾಠ ಮಾಡುವುದು ತಳಪಾಯವಿಲ್ಲದೆ ಮಾಳಿಗೆ ಕಟ್ಟಿದಂತೆ. ಒಂದು ಉದಾಹರಣೆಯನ್ನು ನೋಡಬಹುದು. ಇಳಿಜಾರಿನಲ್ಲಿ ಉರುಳುವ ಚೆಂಡು, ಕಳೆದ ಸೆಕೆಂಡುಗಳ ವರ್ಗದಷ್ಟು ಮೀಟರು ದೂರ ಸಾಗುವುದೆಂದು ಭಾವಿಸೋಣ. 3 ಸೆಕೆಂಡಿಗೆ 9 ಮೀಟರು, 3.1 ಸೆಕೆಂಡಿಗೆ 9.61 ಮೀಟರು. ಈ ಅವಧಿಯ ಸರಾಸರಿ ವೇಗ ಸೆಕೆಂಡಿಗೆ 6.1 ಮೀಟರು. ಅವಧಿಯನ್ನು 0.01 ಸೆಕೆಂಡಿಗೆ ಕುಗ್ಗಿಸಿದರೆ 6.01. ಅವಧಿ ಕಿರಿದಾದಷ್ಟೂ ವೇಗವು 6ನ್ನು ಸಮೀಪಿಸುತ್ತದೆ. ಈ 6 ಮಿತಿ. ಅವಧಿಯನ್ನು 'ಹ' ಎಂದು ಕರೆದರೆ, (3+ಹ)²ನ್ನು ಬಿಡಿಸಿ, 9ನ್ನು ಕಳೆದು, ಉಳಿದ 6ಹ+ಹ²ನ್ನು ಹದಿಂದ ಭಾಗಿಸಬೇಕು, ಬರುವುದು 6+ಹ. ಇಲ್ಲಿ ಹೊಸ ವಿಚಾರ ಒಂದೇ. ಉಳಿದುದೆಲ್ಲ ಪ್ರೌಢಶಾಲೆಯ ಬೀಜಗಣಿತ. ವಿದ್ಯಾರ್ಥಿ ಎಡವುವುದು ಸಾಮಾನ್ಯವಾಗಿ ಈ ಹಳೆಯ ಪಾಠದಲ್ಲಿಯೇ.

ಆದಕಾರಣ ಬೇಸಗೆಯಲ್ಲಿ ನಿತ್ಯಸಮೀಕರಣ, ಅಪವರ್ತನ, ಬೀಜಗಣಿತದ ಭಿನ್ನರಾಶಿ, ಸರಳರೇಖೆಯ ಇಳಿಜಾರು, ತ್ರಿಕೋನಮಿತಿಯ ಅನುಪಾತಗಳು, ಇವಿಷ್ಟನ್ನು ಗಟ್ಟಿಮಾಡಿಕೊಂಡರೆ ಸಾಕು. ದಿನಕ್ಕೆ ಐದಾರು ಲೆಕ್ಕಗಳನ್ನು ಉತ್ತರ ನೋಡದೆ ಬಿಡಿಸುವುದು, ತಪ್ಪಿದುದನ್ನು ಮರುದಿನ ಪುನಃ ಮಾಡುವುದು ಉಚಿತ. ಜೊತೆಗೆ ಮಿತಿಗೆ ಲಿಮಿಟ್, ಅವಕಲನಕ್ಕೆ ಡಿಫರೆನ್ಷಿಯೇಷನ್, ಅನುಕಲನಕ್ಕೆ ಇಂಟಿಗ್ರೇಷನ್ ಎಂದು ಪದಗಳ ಜೋಡಿಪಟ್ಟಿಯನ್ನು ಬರೆದಿಟ್ಟುಕೊಂಡರೆ, ಪರಿಚಿತವಾದ ಅರ್ಥಕ್ಕೆ ಹೊಸ ಹೆಸರು ಮಾತ್ರ ಕಲಿಯಬೇಕಾಗುತ್ತದೆ.

ಗಣಿತ ನಮ್ಮ ನುಡಿಗೆ ಹೊರಗಿನದಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ರಚಿಸಿದನು. 1150ರ 'ಸಿದ್ಧಾಂತಶಿರೋಮಣಿ'ಯಲ್ಲಿ ಭಾಸ್ಕರಾಚಾರ್ಯನು ಗ್ರಹಗಳ ತಾತ್ಕಾಲಿಕ ಗತಿಯನ್ನು, ಎಂದರೆ ಆಯಾ ಕ್ಷಣದ ವೇಗವನ್ನು, ವಿಚಾರಿಸಿದನು. ಉರುಳುವ ಚೆಂಡಿನ ಪ್ರಶ್ನೆಯೂ ಅದೇ.

ಸ್ವಾಧ್ಯಾಯವೆಂದರೆ ಒಂಟಿತನವಲ್ಲ. ಬೇಸಗೆಯಲ್ಲಿ ಶಾಲೆಯ ಒಂದು ಕೊಠಡಿ ತೆರೆದಿದ್ದು, ಕರಿಹಲಗೆಯ ಬಳಿ ವಾರಕ್ಕೊಮ್ಮೆ ಒಬ್ಬ ಅಧ್ಯಾಪಕರೋ ಹಿರಿಯ ವಿದ್ಯಾರ್ಥಿಯೋ ಕುಳಿತು ಸಂದೇಹಗಳನ್ನು ಪರಿಹರಿಸಿದರೆ, ಗಣಿತವನ್ನು ಬಿಟ್ಟುಬಿಡಬೇಕೆಂದಿದ್ದ ಮಗುವೊಂದು ಜೂನ್ ತಿಂಗಳಲ್ಲಿ ಧೈರ್ಯವಾಗಿ ತರಗತಿಗೆ ಕಾಲಿಟ್ಟೀತು. ವಿದ್ಯಾದಾನಕ್ಕೆ ಇದಕ್ಕಿಂತ ಸುಲಭವಾದ ದಾರಿ ವಿರಳ.